1915ರಲ್ಲಿ ಬಂಗಾಳಕ್ಕೆ ಬರಬೇಕಿದ್ದ ಬಂದೂಕುಗಳು ನಿಜಕ್ಕೂ ತಪ್ಪಿದ್ದೆಲ್ಲಿ?

ಹೊಂಗೆನೆರಳು (ಪ್ರಶ್ನೆ)

ಗದರ್ ಪಕ್ಷ (ಅಮೆರಿಕದಲ್ಲಿದ್ದ ಭಾರತೀಯ ಕ್ರಾಂತಿಕಾರಿಗಳ ಸಂಘಟನೆ), ಬರ್ಲಿನ್ ಸಮಿತಿ (ಜರ್ಮನಿಯಲ್ಲಿದ್ದ ಭಾರತೀಯ ಕ್ರಾಂತಿಕಾರಿಗಳ ಗುಂಪು), ಬಂಗಾಳದ ಜತೀಂದ್ರನಾಥ ಮುಖರ್ಜಿಯವರ (ಬಾಘಾ ಜತಿನ್) ತಂಡ ಮೂರೂ ಸೇರಿ, ಜರ್ಮನಿಯ ದುಡ್ಡಿನಲ್ಲಿ ಅಮೆರಿಕದಲ್ಲಿ ಬಂದೂಕು ಕೊಂಡು ಹಡಗಿನಲ್ಲಿ ಬಂಗಾಳಕ್ಕೆ ತರಿಸಲು ಹೊರಟಿದ್ದರು ಅನ್ನುವಷ್ಟು ಗೊತ್ತು. ಓದಿದ ಕಡೆಯಲ್ಲೆಲ್ಲ ಗೂಢಚಾರರಿಂದ ಬ್ರಿಟಿಷರಿಗೆ ಸುಳಿವು ಸಿಕ್ಕಿತು, ಯೋಜನೆ ಮುರಿದುಬಿತ್ತು ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಬೇಕಿರುವುದು ಒಳಗಿನ ಲೆಕ್ಕ. ಯಾವ ಹಡಗು, ಎಲ್ಲಿಂದ ಎಲ್ಲಿಗೆ, ಎಷ್ಟು ಸರಕು, ಇಲ್ಲಿ ಇಳಿಸಿಕೊಳ್ಳಲು ಏನು ಏರ್ಪಾಡಿತ್ತು, ಎಡವಿದ್ದು ಯಾವ ಹಂತದಲ್ಲಿ? ಸುಳಿವೇ ಸಿಗದಿದ್ದರೆ ಬಂದೂಕು ಬಂದು ಸೇರುತ್ತಿದ್ದವೇ?

ಜತೆಗೆ ಎರಡು ಚಿಲ್ಲರೆ ಅನುಮಾನ. ಜರ್ಮನಿ ಕೊಟ್ಟ ಹಣ ದಾನವೋ ಸಾಲವೋ? ಮದ್ರಾಸಿನ ಮೇಲೆ ಗುಂಡು ಹಾರಿಸಿದ ಜರ್ಮನ್ ಯುದ್ಧನೌಕೆ ಎಂಡನ್‌ನಲ್ಲಿ ಕ್ರಾಂತಿಕಾರಿ ಚಂಪಕರಾಮನ್ ಪಿಳ್ಳೆ ಇದ್ದರು ಅನ್ನುವುದು ನಿಜವೇ?

ಹಾಯಿಹಗ್ಗ

ಹಡಗಿನ ಕಡೆಯಿಂದ ಶುರುಮಾಡೋಣ. ತಾರೀಖುಗಳನ್ನು ಪಕ್ಕಪಕ್ಕ ಇಟ್ಟರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಹಡಗು ಒಂದಲ್ಲ, ಎರಡು. ಸರಕು ತುಂಬಿದ್ದು ಆನಿ ಲಾರ್ಸೆನ್ ಅನ್ನುವ ಹಾಯಿಹಡಗಿಗೆ. ಜರ್ಮನಿಯ ಕ್ರುಪ್ ಕಂಪನಿಯ ನ್ಯೂಯಾರ್ಕ್ ಪ್ರತಿನಿಧಿ ಹಾನ್ಸ್ ಟೌಶರ್ ಬಂದೂಕು ಕೊಂಡ. ಸ್ಯಾನ್ ಡಿಯಾಗೋ ಬಂದರಿನಲ್ಲಿ ತುಂಬಿಸಿ 1915ರ ಮಾರ್ಚ್‌ನಲ್ಲಿ ಹೊರಡಿಸಿದರು. ಕಾಗದಪತ್ರದಲ್ಲಿ ಬರೆಸಿದ ಊರು ಮೆಕ್ಸಿಕೊದ ಟೊಪೊಲೊಬ್ಯಾಂಪೊ. ಆಗ ಮೆಕ್ಸಿಕೊದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದರಿಂದ ಬಂದೂಕು ಅತ್ತ ಹೋಗುತ್ತಿದೆ ಅಂದರೆ ಯಾರೂ ಹುಬ್ಬೇರಿಸುವಂತಿರಲಿಲ್ಲ. ಹಾಯಿಹಡಗಿನಲ್ಲಿ ಪೆಸಿಫಿಕ್ ದಾಟುವ ಉದ್ದೇಶ ಯಾರಿಗೂ ಇರಲಿಲ್ಲ. ಮೆಕ್ಸಿಕೊ ಕರಾವಳಿಯಿಂದ ದೂರದ ಸೊಕೊರೊ ದ್ವೀಪದ ಹತ್ತಿರ ಮ್ಯಾವರಿಕ್ ಅನ್ನುವ ಹಳೆಯ ಎಣ್ಣೆ ಹಡಗು ಬಂದು ಸರಕನ್ನು ತನ್ನೊಳಕ್ಕೆ ಹಾಕಿಕೊಂಡು ಜಾವಾಕ್ಕೆ ಹೋಗಬೇಕು, ಅಲ್ಲಿ ಮುಂದಿನ ಆದೇಶ ಪಡೆಯಬೇಕು ಅನ್ನುವುದು ಯೋಜನೆ.

ಎಣ್ಣೆ ಹಡಗನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಬಂದೂಕುಗಳನ್ನು ಒಂದು ಖಾಲಿ ಟ್ಯಾಂಕಿನಲ್ಲಿಟ್ಟು ಮೇಲೆ ಎಣ್ಣೆ ತುಂಬಿಸುವುದು. ಮದ್ದುಗುಂಡು ಇನ್ನೊಂದು ಟ್ಯಾಂಕಿನಲ್ಲಿ. ಅದಕ್ಕೆ ಎಣ್ಣೆ ಬಿಡುವುದು ತಪಾಸಣೆಗೆ ಸಿಕ್ಕಿಬೀಳುವ ಕೊನೆಯ ಗಳಿಗೆಯಲ್ಲಿ ಮಾತ್ರ. ಬಂದೂಕನ್ನು ಆಮೇಲೆ ಒರೆಸಿ ಬಳಸಬಹುದು, ಎಣ್ಣೆಯಲ್ಲಿ ನೆನೆದ ತೋಟಾ ನಂಬುವ ಹಾಗಿಲ್ಲ. ಇಷ್ಟು ಸೂಕ್ಷ್ಮವಾಗಿ ಯೋಚಿಸಿದವರು ಕುಡಿಯುವ ನೀರಿನ ಬಗ್ಗೆ ಯೋಚಿಸಲಿಲ್ಲ ಅನ್ನುವುದೇ ವಿಚಿತ್ರ.

ಯಾಕಂದರೆ ಸೊಕೊರೊದಲ್ಲಿ ಹಡಗಿಗೆ ಸಾಲುವಷ್ಟು ಸಿಹಿನೀರು ಸಿಗುವುದಿಲ್ಲ. ಆನಿ ಲಾರ್ಸೆನ್ ಅಲ್ಲಿ ವಾರಗಟ್ಟಲೆ ಕಾದು, ನೀರು ತೀರಿಹೋಗಿ, ಏಪ್ರಿಲ್ ಮಧ್ಯದಲ್ಲಿ ಲಂಗರು ಎತ್ತಿ ಅಕಾಪುಲ್ಕೊ ಕಡೆ ಹೊರಟಿತು. ಮ್ಯಾವರಿಕ್ ಕ್ಯಾಲಿಫೋರ್ನಿಯಾದ ಸ್ಯಾನ್ ಪೆಡ್ರೊ ಬಿಟ್ಟದ್ದು ಏಪ್ರಿಲ್ 22ರ ಸುಮಾರಿಗೆ. ಅಂದರೆ ಒಂದು ಹಡಗು ಭೇಟಿಯ ಜಾಗ ಬಿಟ್ಟ ಮೇಲೆ ಇನ್ನೊಂದು ಬಂದರನ್ನೇ ಬಿಟ್ಟಿದೆ. ನೀರು ತುಂಬಿಕೊಂಡು ಹಿಂತಿರುಗಲು ಆನಿ ಲಾರ್ಸೆನ್ ಹೊರಟಾಗ ಗಾಳಿ ಎದುರಾಯಿತು. ಮ್ಯಾವರಿಕ್ ದ್ವೀಪದ ಬಳಿ ಕಾದು ಕಾದು ಬರಿಗೈಯಲ್ಲಿ ಹವಾಯಿ ಕಡೆಯಿಂದ ಜಾವಾಕ್ಕೆ ಹೋಯಿತು. ಅಲ್ಲಿ ಡಚ್ ಅಧಿಕಾರಿಗಳು ಹುಡುಕಿದಾಗ ಟ್ಯಾಂಕು ಖಾಲಿ. ಆನಿ ಲಾರ್ಸೆನ್ ಅಲೆದಾಡಿ ಜೂನ್ ಕೊನೆಗೆ ವಾಷಿಂಗ್ಟನ್ ರಾಜ್ಯದ ಹೊಕ್ವಿಯಮ್ ಬಂದರು ಸೇರಿತು, ಅಮೆರಿಕದ ಕಸ್ಟಮ್ಸ್‌ನವರು ಸರಕು ಜಪ್ತಿ ಮಾಡಿದರು.

ಇನ್ನು ಸರಕಿನ ಲೆಕ್ಕ. ಸುಮಾರು 8,000 ಸ್ಪ್ರಿಂಗ್‌ಫೀಲ್ಡ್ ಬಂದೂಕು, ಸುಮಾರು 40 ಲಕ್ಷ ತೋಟಾ. ಕೇಳಲು ದೊಡ್ಡದು. ಆದರೆ ಇವು ಅಮೆರಿಕದ ಸೈನ್ಯ ಆಗಲೇ ಬದಿಗಿಟ್ಟಿದ್ದ .45-70 ಅಳತೆಯ ಹಳೆಯ ಮಾದರಿ: ಒಂದು ಸಲಕ್ಕೆ ಒಂದೇ ತೋಟಾ, ಹಾರಿಸಿದರೆ ಹೊಗೆ. ಭಾರತದ ಸೈನ್ಯದ ಕೈಯಲ್ಲಿದ್ದದ್ದು .303. ದಂಗೆಯೆದ್ದವರು ಯಾವುದಾದರೂ ಶಸ್ತ್ರಾಗಾರ ಹಿಡಿದರೂ ಅಲ್ಲಿನ ತೋಟಾ ಈ ಬಂದೂಕಿಗೆ ಹೋಗುವುದಿಲ್ಲ. ತಂದಿದ್ದು ಮುಗಿದರೆ ಕೈಯಲ್ಲಿ ಉಳಿಯುವುದು ಕಬ್ಬಿಣ ಮತ್ತು ಮರ.

ತೂಕ ನೋಡಿ. ಈ ಜಾತಿಯ ತೋಟಾ ಒಂದಕ್ಕೆ ಹತ್ತಿರ ಹತ್ತಿರ 40 ಗ್ರಾಂ. 40 ಲಕ್ಷಕ್ಕೆ 160 ಟನ್. ಬಂದೂಕು ತಲಾ 4 ಕಿಲೊ ಅಂದರೆ 32 ಟನ್, ಮೇಲೆ ಪೆಟ್ಟಿಗೆಗಳ ತೂಕ. ಒಟ್ಟು 200 ಟನ್ ಅಂತ ಇಟ್ಟುಕೊಳ್ಳಿ. ಇದನ್ನು ಮೊದಲು ತೆರೆದ ಕಡಲಿನಲ್ಲಿ ಒಂದು ಹಡಗಿನಿಂದ ಇನ್ನೊಂದಕ್ಕೆ ಏರಿಸಬೇಕು. ಆಮೇಲೆ ಸುಂದರಬನದ ಕತ್ತಲಲ್ಲಿ ಅದೇ 200 ಟನ್ನನ್ನು ನಾಡದೋಣಿಗೆ ಇಳಿಸಬೇಕು. ದೋಣಿಗೆ 5 ಟನ್ ಹಿಡಿಸಿದರೂ 40 ದೋಣಿ ತುಂಬುವಷ್ಟು ಸರಕು, ಅದೂ ಕಡಲಿನ ಉಬ್ಬರ ಇಳಿತ ಬಿಟ್ಟುಕೊಟ್ಟ ಗಂಟೆಗಳಲ್ಲಿ.

ವೇಳೆಯ ಲೆಕ್ಕ ಇನ್ನೂ ಬಿಗಿ. ಸೊಕೊರೊದಿಂದ ಹವಾಯಿ ಬಳಸಿ ಜಾವಾ, ಅಲ್ಲಿಂದ ಬಂಗಾಳ ಅಂದರೆ ಸುಮಾರು 10,000 ನಾಟಿಕಲ್ ಮೈಲಿ. ಹಳೆಯ ಎಣ್ಣೆ ಹಡಗು ಗಂಟೆಗೆ 9 ನಾಟ್ ಓಡಿದರೂ ನಡುವೆ ಎಲ್ಲೂ ನಿಲ್ಲದೆ 46 ದಿನ. ಬಂಗಾಳದವರು ಮೊದಲ ಹಂಚಿಕೆ ಜುಲೈ 1ರೊಳಗೆ ಅಂದುಕೊಂಡಿದ್ದರು. ಅಂದರೆ ಜಾವಾದಲ್ಲಿ ನಿಲ್ಲುವ, ಇಲ್ಲಿ ಇಳಿಸಿ ಹಂಚುವ ದಿನಗಳನ್ನೂ ಬಿಟ್ಟುಕೊಂಡರೆ ಮೇ ಮೊದಲ ವಾರದ ಹೊತ್ತಿಗೆ ಸರಕು ಏರಿಸಿ ಸೊಕೊರೊ ಬಿಡಬೇಕಿತ್ತು. ಎರಡೂ ಹಡಗು ಏಪ್ರಿಲ್‌ನಲ್ಲಿ ಸೇರಿದ್ದರೆ ಅದು ಆಗುವಂಥದ್ದೇ. ಹಾಗಾಗಿ ಕಾಗದದ ಮೇಲೆ ಯೋಜನೆ ಹುಚ್ಚಾಟವಲ್ಲ. ಒಂದು ದಿನದ ಏರುಪೇರನ್ನೂ ತಡೆದುಕೊಳ್ಳುವ ಜಾಗ ಅದರಲ್ಲಿರಲಿಲ್ಲ, ಅಷ್ಟೇ.

ತಂತಿಕಂಬ

ಮೇಲಿನ ಲೆಕ್ಕ ಚೆನ್ನಾಗಿದೆ. ಆದರೆ ಹಡಗು ತಪ್ಪಿದ್ದನ್ನೇ ಮೂಲ ಕಾರಣ ಅಂತ ನಾನು ಒಪ್ಪುವುದಿಲ್ಲ. ಹಡಗು ತಪ್ಪಲು ಕಾರಣ ಒಂದು ಕೈಗೆ ಇನ್ನೊಂದು ಕೈಯ ಸುದ್ದಿ ತಲುಪದಿದ್ದದ್ದು.

ಮೊದಲ ಮಹಾಯುದ್ಧಕ್ಕೆ ಬ್ರಿಟನ್ ಇಳಿದ ಮರುದಿನವೇ, 1914ರ ಆಗಸ್ಟ್ 5ರಂದು, ಬ್ರಿಟಿಷರು ಜರ್ಮನಿಯ ಕಡಲಡಿಯ ತಂತಿಗಳನ್ನು ಕತ್ತರಿಸಿದರು. ಅಲ್ಲಿಂದಾಚೆ ಬರ್ಲಿನ್ನಿನ ಮಾತು ಅಮೆರಿಕ ಮುಟ್ಟಬೇಕಾದರೆ ತಟಸ್ಥ ದೇಶಗಳ ತಂತಿ ಹಿಡಿಯಬೇಕು. ಬರ್ಲಿನ್ನಿನಲ್ಲಿ ವೀರೇಂದ್ರನಾಥ ಚಟ್ಟೋಪಾಧ್ಯಾಯ (ಸರೋಜಿನಿ ನಾಯ್ಡು ಅವರ ತಮ್ಮ, ನಮ್ಮ ಮಂಗಳೂರಿನ ಕಮಲಾದೇವಿಯವರಿಗೆ ಭಾವ) ಮತ್ತು ಸಂಗಡಿಗರು ವಿದೇಶಾಂಗ ಇಲಾಖೆಯ ಜತೆ ಕೂತು ನಿರ್ಧರಿಸಿದ್ದು ವಾಷಿಂಗ್ಟನ್ ರಾಯಭಾರ ಕಚೇರಿಗೆ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊ ಕಾನ್ಸುಲೇಟಿಗೆ, ಅಲ್ಲಿಂದ ರಾಮಚಂದ್ರರ ಕೈಯಲ್ಲಿದ್ದ ಗದರ್ ಕಚೇರಿಗೆ. ಅತ್ತ ಶಾಂಘೈ, ಬಟಾವಿಯಾ (ಜಾವಾದ ಇಂದಿನ ಜಕಾರ್ತಾ), ಬ್ಯಾಂಕಾಕ್‌ನ ಜರ್ಮನ್ ಕಾನ್ಸುಲ್‌ಗಳು ಬೇರೆ. ಒಬ್ಬೊಬ್ಬರ ಕೈಯಲ್ಲೂ ಬೇರೆ ಬೇರೆ ಯೋಜನೆ.

ಉದಾಹರಣೆ ಇಲ್ಲೇ ಇದೆ. 1915ರ ಏಪ್ರಿಲ್‌ನಲ್ಲಿ ಬಂಗಾಳದಿಂದ ನರೇಂದ್ರನಾಥ ಭಟ್ಟಾಚಾರ್ಯ (ಮುಂದೆ ಎಂ. ಎನ್. ರಾಯ್) ಸಿ. ಎ. ಮಾರ್ಟಿನ್ ಅನ್ನುವ ಹೆಸರಿನಲ್ಲಿ ಬಟಾವಿಯಾಕ್ಕೆ ಹೋದರು. ಅಲ್ಲಿ ಜರ್ಮನ್ ಕಡೆಯ ಥಿಯೊಡೋರ್ ಹೆಲ್ಫೆರಿಕ್ ಹೇಳಿದ್ದು ಸರಕು ಕರಾಚಿಗೆ ಹೊರಟಿದೆ ಅಂತ. ಮಾರ್ಟಿನ್ ಒತ್ತಾಯ ಮಾಡಿ ಅದನ್ನು ಬಂಗಾಳಕ್ಕೆ ತಿರುಗಿಸಿದರು, ಶಾಂಘೈ ಕಾನ್ಸುಲ್ ಜನರಲ್ ಒಪ್ಪಿದ. ಸರಕು ಇದ್ದ ಹಡಗು ಆಗ ಮೆಕ್ಸಿಕೊದ ಹತ್ತಿರ ನೀರಿಗೆ ಪರದಾಡುತ್ತಿತ್ತು. ಬಟಾವಿಯಾದವರಿಗೆ ಅದು ಗೊತ್ತಿಲ್ಲ. ಮಾರ್ಟಿನ್‌ಗೆ ಸಿಕ್ಕ ಭರವಸೆ 30,000 ಬಂದೂಕು, ಒಂದೊಂದಕ್ಕೆ 400 ತೋಟಾ, ಜತೆಗೆ 2 ಲಕ್ಷ ರೂಪಾಯಿ. ಹಡಗಿನಲ್ಲಿದ್ದ ಬಂದೂಕು ಅದರ ಕಾಲುಭಾಗದ ಆಸುಪಾಸು. ಬಂಗಾಳದವರು ತಮ್ಮ ಇಡೀ ಯೋಜನೆ ಕಟ್ಟಿದ್ದು ಆ 30,000ದ ಮೇಲೆ.

ಆ ಯೋಜನೆಯೂ ತಮಾಷೆಯದ್ದಲ್ಲ. ಸರಕನ್ನು ಮೂರು ಪಾಲು ಮಾಡುವುದು: ಪೂರ್ವ ಬಂಗಾಳಕ್ಕೆ ಹಟಿಯಾ ದ್ವೀಪ, ನಡುವೆ ಕಲ್ಕತ್ತಾ, ಪಶ್ಚಿಮಕ್ಕೆ ಬಾಲಸೋರ್. ಬಂಗಾಳದೊಳಗಿನ ಪಡೆಯನ್ನು ಎದುರಿಸಬಹುದು, ಹೊರಗಿಂದ ಬರುವ ಪಡೆಯೇ ಭಯ ಅನ್ನುವುದು ಅವರ ಲೆಕ್ಕ. ಅದಕ್ಕಾಗಿ ಮೂರು ರೈಲುದಾರಿಗಳ ಸೇತುವೆ ಮುರಿಯಬೇಕು. ಮದ್ರಾಸ್ ಮಾರ್ಗಕ್ಕೆ ಬಾಲಸೋರಿನಲ್ಲಿ ಜತಿನ್, ಬಂಗಾಳ ನಾಗಪುರ ರೈಲ್ವೆಗೆ ಚಕ್ರಧರಪುರದಲ್ಲಿ ಭೋಲಾನಾಥ ಚಟರ್ಜಿ, ಈಸ್ಟ್ ಇಂಡಿಯನ್ ರೈಲ್ವೆಗೆ ಅಜಯ ನದಿಯ ಸೇತುವೆ ಹತ್ತಿರ ಸತೀಶ್ ಚಕ್ರವರ್ತಿ. ಹಡಗು ಬರಬೇಕಿದ್ದದ್ದು ಸುಂದರಬನದ ರಾಯಮಂಗಲಕ್ಕೆ, ರಾತ್ರಿ ಹೊತ್ತು. ಗುರುತಿಗೆ ಅಡ್ಡಸಾಲಿನಲ್ಲಿ ತೂಗುಹಾಕಿದ ದೀಪಗಳು. ಹತ್ತಿರದ ಜಮೀನ್ದಾರರೊಬ್ಬರು ದೋಣಿ, ಆಳು ಕೊಡಲು ಒಪ್ಪಿದ್ದರು. ಅತುಲ್ ಘೋಷ್ ಕಡೆಯವರು ದೋಣಿಯಲ್ಲಿ ಹೋಗಿ ಹತ್ತು ದಿನದ ಮಟ್ಟಿಗೆ ಕಾದರು. ಜೂನ್ ಮುಗಿಯಿತು. ಹಡಗೂ ಇಲ್ಲ, ಯಾಕೆ ಬರಲಿಲ್ಲ ಅನ್ನುವ ಒಂದು ಸಾಲೂ ಇಲ್ಲ. ಹಡಗು ತಪ್ಪಿದ ಸುದ್ದಿಯನ್ನು ರಾಯಮಂಗಲಕ್ಕೆ ಮುಟ್ಟಿಸುವ ದಾರಿಯನ್ನೇ ಯಾರೂ ಹಾಕಿಕೊಂಡಿರಲಿಲ್ಲ!

ಹಣ ಬಂದ ದಾರಿಯಲ್ಲೇ ಸುಳಿವೂ ಹೋಯಿತು. ಕಲ್ಕತ್ತಾದಲ್ಲಿ ಹ್ಯಾರಿ ಅಂಡ್ ಸನ್ಸ್ ಅನ್ನುವ ತೋರಿಕೆಯ ವ್ಯಾಪಾರ ಸಂಸ್ಥೆ, ಬಾಲಸೋರಿನಲ್ಲಿ ಅದರ ಶಾಖೆ ಯೂನಿವರ್ಸಲ್ ಎಂಪೋರಿಯಂ. ಬಟಾವಿಯಾದಿಂದ ಜೂನ್ ಆಗಸ್ಟ್ ನಡುವೆ ಒಟ್ಟು 43,000 ರೂಪಾಯಿ ಕಳಿಸಿದರು. ಸರ್ಕಾರಕ್ಕೆ ಗೊತ್ತಾಗುವ ಮೊದಲು 33,000 ಕೈಸೇರಿತ್ತು. ವ್ಯಾಪಾರದ ಭಾಷೆಯಲ್ಲಿ ತಂತಿ ಕೊಡುತ್ತಿದ್ದರು, ನಿಜ. ಆದರೆ ಆ ತಂತಿ, ಆ ಬ್ಯಾಂಕು, ಆ ಸೆನ್ಸಾರ್ ಮೇಜು ಎಲ್ಲವೂ ಬ್ರಿಟಿಷರದ್ದೇ. ಸರಕೇ ಆಡದ ಅಂಗಡಿಗೆ ಜಾವಾದಿಂದ ಸಾವಿರಗಟ್ಟಲೆ ರೂಪಾಯಿ ಬರುತ್ತಿದ್ದರೆ ಗುಮಾಸ್ತನಿಗೂ ಅನುಮಾನ ಬರುತ್ತದೆ. ಆಗಸ್ಟ್ 7ಕ್ಕೆ ಹ್ಯಾರಿ ಅಂಡ್ ಸನ್ಸ್ ಶೋಧ, ಸೆಪ್ಟೆಂಬರ್ 4ಕ್ಕೆ ಬಾಲಸೋರ್ ಅಂಗಡಿ, ಆಮೇಲೆ ಬಾಲಸೋರ್ ಹತ್ತಿರ ಅವರ ಅಡಗುದಾಣವಿದ್ದ ಕಾಪ್ಟಿಪಾದ. ಅಲ್ಲಿ ಪೊಲೀಸರಿಗೆ ಸಿಕ್ಕಿದ್ದು ಸುಂದರಬನದ ಒಂದು ನಕ್ಷೆ ಮತ್ತು ಮ್ಯಾವರಿಕ್ ಬಗ್ಗೆ ಪೆನಾಂಗ್ ಪತ್ರಿಕೆಯೊಂದರ ಕತ್ತರಿಸಿದ ತುಣುಕು. ತಮಗಾಗಿ ಬರಬೇಕಿದ್ದ ಹಡಗಿನ ಸುದ್ದಿಯನ್ನು ಅವರು ಪತ್ರಿಕೆಯಲ್ಲಿ ಓದಿ ತಿಳಿಯಬೇಕಾಯಿತು. ಪೊಲೀಸರ ಜತೆ ಸೆಪ್ಟೆಂಬರ್ 9ರಂದು ನಡೆದ ಕಾದಾಟದಲ್ಲಿ ಜತಿನ್ ಸಂಗಡಿಗ ಚಿತ್ತಪ್ರಿಯ ಅಲ್ಲೇ ತೀರಿಕೊಂಡರು, ಗಾಯಗೊಂಡ ಜತಿನ್ ಮರುದಿನ.

ಗೂಢಚಾರರು ಇರಲಿಲ್ಲ ಅಂತಲ್ಲ. ವಿನ್ಸೆಂಟ್ ಕ್ರಾಫ್ಟ್ ಅನ್ನುವ ಜರ್ಮನ್ ಕಡೆಯವನೇ ಬ್ರಿಟಿಷರಿಗೆ ಮಾರಿಕೊಂಡ. ಪಂಜಾಬಿನಲ್ಲಿ ಕೃಪಾಲ್ ಸಿಂಗ್ ಗದರ್ ಗುಂಪಿನ ಒಳಗಿಂದಲೇ ಸುದ್ದಿ ಕೊಟ್ಟ. ಫೆಬ್ರವರಿ 21ಕ್ಕೆ ಇಟ್ಟಿದ್ದ ದಂಗೆಯನ್ನು ಅನುಮಾನ ಬಂದು 19ಕ್ಕೆ ಎಳೆದುಕೊಂಡರೂ ಅದೂ ಪೊಲೀಸರಿಗೆ ಮುಟ್ಟಿತ್ತು. ಲಾಹೋರಿನ ಮಟ್ಟಿಗೆ ಸುಳಿವೇ ಕಾರಣ ಅಂದರೆ ನನ್ನ ತಕರಾರಿಲ್ಲ. ಬಂಗಾಳದ ಸರಕಿನ ಮಟ್ಟಿಗೆ ಅಲ್ಲ.

ಹೊಂಗೆನೆರಳು

ಇಬ್ಬರಿಗೂ ಧನ್ಯವಾದ. ಎರಡು ಮರುಪ್ರಶ್ನೆ. ಒಂದೇ ದೊಡ್ಡ ಸರಕಿನ ಬದಲು ಸಣ್ಣ ಸಣ್ಣ ಗಂಟು ಮಾಡಿ ಕಳಿಸಬಹುದಿತ್ತಲ್ಲ? ಕಡಲೇ ಬೇಡ ಅಂದರೆ ಅಫ್ಘಾನಿಸ್ತಾನದ ನೆಲದ ದಾರಿ ಇತ್ತಲ್ಲ, ರಾಜಾ ಮಹೇಂದ್ರ ಪ್ರತಾಪ್ ಕಾಬೂಲಿಗೆ ಹೋಗಿದ್ದರು ಅಂತ ಓದಿದ ನೆನಪು.

ಹಾಯಿಹಗ್ಗ

ಸಣ್ಣ ಗಂಟು ಪ್ರಯತ್ನವೂ ನಡೆಯಿತು. 1915ರ ಅಕ್ಟೋಬರ್‌ನಲ್ಲಿ ಶಾಂಘೈ ಪೊಲೀಸರು ಇಬ್ಬರು ಚೀನಿಯರನ್ನು ಹಿಡಿದರು. ಅವರ ಬಳಿ 129 ಪಿಸ್ತೂಲು, 20,830 ತೋಟಾ. ನೀಲ್ಸನ್ ಅನ್ನುವ ಜರ್ಮನ್ ಹೇಳಿಕೊಟ್ಟಿದ್ದ ಉಪಾಯ: ಮರದ ಹಲಗೆಗಳ ಕಟ್ಟಿನ ನಟ್ಟನಡುವೆ ಟೊಳ್ಳು ಮಾಡಿ ಅದರೊಳಗೆ ಅಡಗಿಸಿ ಕಲ್ಕತ್ತಾಕ್ಕೆ ಸಾಗಿಸುವುದು. ಉಪಾಯ ಒಳ್ಳೆಯದೇ, ಆದರೆ ಒಂದು ಸಾಗಣೆಗೆ ನೂರು ಚಿಲ್ಲರೆ ಪಿಸ್ತೂಲು ಬಂದರೆ ಸೇನೆಯ ಎದುರು ನಿಲ್ಲಲು ಆಗುವುದಿಲ್ಲ.

ಹೆನ್ರಿ ಎಸ್. ಅನ್ನುವ ಇನ್ನೊಂದು ಹಡಗು ಮನಿಲಾದಿಂದ ಹೊರಡುವ ಮೊದಲೇ ಕಸ್ಟಮ್ಸ್‌ಗೆ ಸಿಕ್ಕಿ ಶಸ್ತ್ರ ಇಳಿಸಬೇಕಾಯಿತು. ಆಮೇಲೆ ಮೋಟಾರು ಕೆಟ್ಟು ಸೆಲೆಬೆಸ್ ದ್ವೀಪದ ಬಂದರಿಗೆ ಸೇರಿಕೊಂಡಿತು. ಅದರಲ್ಲಿದ್ದ ಬೋಹ್ಮ್ ಅನ್ನುವವನು ಸಯಾಂ ಬರ್ಮಾ ಗಡಿಯಲ್ಲಿ ಭಾರತೀಯರಿಗೆ ಕವಾಯತು ಕಲಿಸಿ ಬರ್ಮಾದ ಮೇಲೆ ನುಗ್ಗಿಸಬೇಕಿತ್ತು.

ಇದನ್ನೆಲ್ಲ ಹೇಳುವಾಗ ಒಂದು ಹೋಲಿಕೆ ಮರೆಯಬಾರದು. 1914ರ ಆಗಸ್ಟ್ 26ರಂದು ಕಲ್ಕತ್ತಾದ ರೊಡ್ಡಾ ಕಂಪನಿಯ ಗುಮಾಸ್ತನೊಬ್ಬ ಕಸ್ಟಮ್ಸ್‌ನಿಂದ 202 ಪೆಟ್ಟಿಗೆ ಬಿಡಿಸಿಕೊಂಡು ಗೋದಾಮಿಗೆ 192 ಮಾತ್ರ ಮುಟ್ಟಿಸಿ ನಾಪತ್ತೆಯಾದ. ತಪ್ಪಿಹೋದ ಹತ್ತು ಪೆಟ್ಟಿಗೆಯಲ್ಲಿ 50 ಮೌಸರ್ ಪಿಸ್ತೂಲು, 46,000 ತೋಟಾ. ಬಾಲಸೋರಿನಲ್ಲಿ ಜತಿನ್ ಕಡೆಯವರ ಕೈಯಲ್ಲಿದ್ದದ್ದೂ ಮೌಸರ್‌ಗಳೇ. ಪೆಸಿಫಿಕ್ ಕಡಲೆಲ್ಲ ಅಲೆದ ಹಡಗು ಕೊಡದೇ ಹೋದದ್ದನ್ನು ಕಲ್ಕತ್ತಾದ ಒಂದು ಎತ್ತಿನಗಾಡಿ ಕೊಟ್ಟಿತು.

ಖೈಬರ್‌ಕಣಿವೆ

ಕಾಬೂಲಿನ ವಿಷಯಕ್ಕೆ ಬರುತ್ತೇನೆ. ಮಹೇಂದ್ರ ಪ್ರತಾಪ್, ಮೌಲ್ವಿ ಬರ್ಕತುಲ್ಲಾ ಇಬ್ಬರೂ ಜರ್ಮನ್ ಅಧಿಕಾರಿಗಳಾದ ಹೆಂಟಿಗ್, ನೀಡರ್ಮೇಯರ್ ಜತೆ ಪರ್ಷಿಯಾದ ಮರುಭೂಮಿ ದಾಟಿ 1915ರ ಅಕ್ಟೋಬರ್ ಆರಂಭದಲ್ಲಿ ಕಾಬೂಲ್ ತಲುಪಿದರು. ಪರ್ಷಿಯಾದ ಪೂರ್ವ ಅಂಚಿನಲ್ಲಿ ರಷ್ಯಾ ಮತ್ತು ಬ್ರಿಟನ್ ಪಹರೆಯ ಸಾಲೇ ಹಾಕಿದ್ದವು. ಅದರ ಕಣ್ಣು ತಪ್ಪಿಸಿ ನುಸುಳಿದ್ದೇ ಸಾಹಸ. ಆದರೆ ಬೆರಳೆಣಿಕೆಯ ಮನುಷ್ಯರು ನುಸುಳುವ ದಾರಿಯಲ್ಲಿ ಫಿರಂಗಿ ನುಸುಳುವುದಿಲ್ಲ.

ಅಫ್ಘಾನಿಸ್ತಾನದ ದೊರೆ ಅಮೀರ್ ಹಬೀಬುಲ್ಲಾನಿಗೆ ಇದು ಚೆನ್ನಾಗಿ ಗೊತ್ತಿತ್ತು. ಆತ ಅವರನ್ನು ವಾರಗಟ್ಟಲೆ ಕಾಯಿಸಿದ, ಗೌರವ ಕೊಟ್ಟ, ಮಾತಾಡಿದ, ಬ್ರಿಟಿಷರಿಂದ ಬರುತ್ತಿದ್ದ ವಾರ್ಷಿಕ ಹಣವನ್ನೂ ಬಿಡಲಿಲ್ಲ. 1916ರ ಜನವರಿಯಲ್ಲಿ ಸಿದ್ಧವಾದ ಒಪ್ಪಂದದ ಕರಡಿನಲ್ಲಿ ಒಂದು ಲಕ್ಷ ಬಂದೂಕು, 300 ಫಿರಂಗಿ, ಒಂದು ಕೋಟಿ ಪೌಂಡ್, ಜತೆಗೆ ಪರ್ಷಿಯಾದ ಮೂಲಕ ಸಾಗಣೆ ದಾರಿ ಕಾಯುವ ಹೊಣೆ, ಎಲ್ಲವೂ ಜರ್ಮನಿಯ ತಲೆಗೆ. ಬಹಳ ಮಂದಿ ಇದನ್ನು ಅಮೀರನ ಉತ್ಸಾಹ ಅಂತ ಓದುತ್ತಾರೆ. ನನ್ನ ಓದಿನಲ್ಲಿ ಅದು ಮರ್ಯಾದೆಯಿಂದ ಹೇಳಿದ ನಿರಾಕರಣೆ. ಕೊಡಲಾಗದ್ದನ್ನು ಕೇಳಿದರೆ ಇಲ್ಲ ಅನ್ನುವ ಕೆಲಸ ಎದುರಿನವನದ್ದಾಗುತ್ತದೆ. ಮೇ ತಿಂಗಳಲ್ಲಿ ಜರ್ಮನ್ನರು ಕಾಬೂಲ್ ಬಿಟ್ಟರು.

ಭಾರತೀಯರು ಮಾತ್ರ ಅಲ್ಲೇ ಉಳಿದರು. 1915ರ ಡಿಸೆಂಬರ್ 1ರಂದೇ ತಾತ್ಕಾಲಿಕ ಸರ್ಕಾರ ಘೋಷಿಸಿ ಆಗಿತ್ತು: ಮಹೇಂದ್ರ ಪ್ರತಾಪ್ ಅಧ್ಯಕ್ಷ, ಬರ್ಕತುಲ್ಲಾ ಪ್ರಧಾನಿ, ಉಬೈದುಲ್ಲಾ ಸಿಂಧಿ ಮಂತ್ರಿ. ರಷ್ಯಾದ ತ್ಸಾರ್‌ಗೆ ಚಿನ್ನದ ತಗಡಿನ ಮೇಲೆ ಪತ್ರ ಕೆತ್ತಿಸಿ ಕಳಿಸಿದರು. ತ್ಸಾರ್ ಬ್ರಿಟನ್ನಿನ ಮಿತ್ರ, ಅಂಥವನಿಗೆ ಚಿನ್ನ ಖರ್ಚು ಮಾಡಿದ್ದು ಏನು ಲೆಕ್ಕಾಚಾರವೋ.

ಇಲ್ಲೂ ಮುರಿದದ್ದು ಸಂದೇಶದ ಕೊಂಡಿಯೇ. 1916ರ ಬೇಸಗೆ ಕಳೆದ ಮೇಲೆ ಉಬೈದುಲ್ಲಾ ಹಳದಿ ರೇಷ್ಮೆ ಬಟ್ಟೆಯ ಮೇಲೆ ಪತ್ರ ಬರೆದರು. ಓದಬೇಕಿದ್ದವರು ಹಿಜಾಜ್‌ನಲ್ಲಿದ್ದ (ಅರೇಬಿಯಾದ ಮೆಕ್ಕಾ ಕಡೆಯ ಸೀಮೆ) ದೇವಬಂದ್‌ನ ಮೌಲಾನಾ ಮಹಮೂದ್ ಹಸನ್. ಕಾಗದವಾದರೆ ತಡವಿದರೆ ಸದ್ದಾಗುತ್ತದೆ, ಮಡಿಕೆ ಗೊತ್ತಾಗುತ್ತದೆ. ರೇಷ್ಮೆಯನ್ನು ಅಂಗಿಯ ಒಳಪದರಕ್ಕೆ ಹೊಲಿದರೆ ಕೈಗೆ ಸಿಗುವುದಿಲ್ಲ. ಅಬ್ದುಲ್ ಹಕ್ ಅದನ್ನು ಸಿಂಧ್‌ನ ಹೈದರಾಬಾದಿಗೆ, ಶೇಖ್ ಅಬ್ದುರ್ರಹೀಮರಿಗೆ ಮುಟ್ಟಿಸಬೇಕಿತ್ತು. ದಾರಿಯಲ್ಲಿ ಮುಲ್ತಾನಿನಲ್ಲಿ ತನ್ನ ಹಳೆಯ ಧಣಿ ರಬ್ ನವಾಜ್ ಖಾನನ ಕೈಗೆ ಅದು ಹೋಯಿತು. ಅಲ್ಲಿಂದ ನೇರ ಸರ್ಕಾರಕ್ಕೆ. ಗುಪ್ತಲಿಪಿ ಏನೂ ಇರಲಿಲ್ಲ. ಹೆಸರು, ಹುದ್ದೆ, ಯೋಜನೆ ಎಲ್ಲವೂ ಓದುವ ಹಾಗೆ ಬರೆದಿತ್ತು. ಅಡಗಿಸುವುದಕ್ಕೆ ಪಟ್ಟ ಶ್ರಮದಲ್ಲಿ ಅರ್ಧದಷ್ಟನ್ನು ಬರೆಯುವ ರೀತಿಗೆ ಪಟ್ಟಿದ್ದರೆ ಅಷ್ಟೊಂದು ಬಂಧನ ಆಗುತ್ತಿರಲಿಲ್ಲ. ಮಹಮೂದ್ ಹಸನ್‌ರನ್ನು ಮೆಕ್ಕಾದಲ್ಲಿ ಅಲ್ಲಿನ ಆಡಳಿತಗಾರ ಶರೀಫ್ ಹುಸೇನ್ ಹಿಡಿಸಿಕೊಟ್ಟ, 1920ರವರೆಗೆ ಮಾಲ್ಟಾದಲ್ಲಿ ಸೆರೆ.

ಕಟಕಟೆ

ಅಮೆರಿಕದ ಕಾನೂನಿನ ಮಾತು ಯಾರೂ ಎತ್ತಿಲ್ಲ. ಅದಿಲ್ಲದೆ ಚಿತ್ರ ಪೂರ್ತಿ ಆಗುವುದಿಲ್ಲ.

1915ರಲ್ಲಿ ಅಮೆರಿಕ ತಟಸ್ಥ. ತಟಸ್ಥ ದೇಶದ ವ್ಯಾಪಾರಿ ಬಂದೂಕು ಮಾರುವುದು ಅಪರಾಧವಲ್ಲ. ಬ್ರಿಟನ್ನೇ ಅಲ್ಲಿಂದ ರಾಶಿ ರಾಶಿ ಕೊಳ್ಳುತ್ತಿತ್ತು. ಅಪರಾಧವಾಗುವುದು ಅಮೆರಿಕದ ಜತೆ ಶಾಂತಿಯಿಂದಿರುವ ದೇಶದ ಮೇಲೆ ಅಮೆರಿಕದ ನೆಲದಿಂದ ಸೈನಿಕ ದಂಡಯಾತ್ರೆ ಹೊರಡಿಸಿದಾಗ. ಬಂದೂಕನ್ನು ಬರೀ ಸರಕಾಗಿ ಕಳಿಸಿದ್ದರೆ ವಕೀಲರಿಗೆ ವಾದಿಸಲು ಜಾಗ ಇರುತ್ತಿತ್ತು. ಆದರೆ ಇಲ್ಲಿ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಸುಳ್ಳು ಬರೆಸಿದ್ದರು. ಸಾಲದ್ದಕ್ಕೆ ಮ್ಯಾವರಿಕ್‌ನಲ್ಲಿ ಐದು ಜನ ಭಾರತೀಯರನ್ನು ಪರ್ಷಿಯಾದವರು ಅಂತ ಹೇಳಿ ಊಟ ಬಡಿಸುವ ಕೆಲಸಕ್ಕೆ ಸೇರಿಸಿದ್ದರು. ಅವರ ಪೆಟ್ಟಿಗೆ ತುಂಬ ಗದರ್ ಕರಪತ್ರ. ಸರಕು, ಜನ, ಪ್ರಚಾರ ಮೂರೂ ಸೇರಿದರೆ ಅದು ವ್ಯಾಪಾರ ಅಲ್ಲ, ದಂಡಯಾತ್ರೆ.

ಆದರೂ ಅಮೆರಿಕ ಸರ್ಕಾರ ಎರಡು ವರ್ಷ ಆತುರ ತೋರಿಸಲಿಲ್ಲ. 1917ರ ಏಪ್ರಿಲ್‌ನಲ್ಲಿ ತಾನೇ ಯುದ್ಧಕ್ಕಿಳಿದ ಮೇಲೆ ಗಾಳಿ ಬದಲಾಯಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನವೆಂಬರ್ 20ಕ್ಕೆ ವಿಚಾರಣೆ ಶುರುವಾಗಿ 1918ರ ಏಪ್ರಿಲ್‌ನಲ್ಲಿ ಮುಗಿಯಿತು, 29 ಮಂದಿಗೆ ಶಿಕ್ಷೆ. ಅಲ್ಲಿನ ಜರ್ಮನ್ ಕಾನ್ಸುಲ್ ಫ್ರಾನ್ಸ್ ಬಾಪ್‌ಗೆ ಎರಡು ವರ್ಷ ಜೈಲು, 10,000 ಡಾಲರ್ ದಂಡ. ಅಮೆರಿಕದಲ್ಲಿದ್ದ ಬಂಗಾಳಿ ಕ್ರಾಂತಿಕಾರಿ ತಾರಕನಾಥ ದಾಸ್‌ಗೆ 22 ತಿಂಗಳು. ವಿಚಾರಣೆಯ ಕೊನೆಯಲ್ಲಿ ಆರೋಪಿಗಳಲ್ಲೇ ಒಬ್ಬನಾದ ರಾಮ್ ಸಿಂಗ್ ನ್ಯಾಯಾಲಯದೊಳಗೇ ರಾಮಚಂದ್ರರನ್ನು ಗುಂಡಿಕ್ಕಿ ಕೊಂದ, ಮಾರ್ಷಲ್ ಅವನನ್ನು ಅಲ್ಲೇ ಹೊಡೆದುರುಳಿಸಿದ. ಜರ್ಮನ್ ಹಣದ ಲೆಕ್ಕದ ಬಗ್ಗೆ ಗದರ್ ಒಳಗೆ ಬಹಳ ದಿನದಿಂದ ಕುದಿಯುತ್ತಿದ್ದ ಅನುಮಾನ ಅಲ್ಲಿ ಸ್ಫೋಟವಾಯಿತು. ದಂಗೆಗೆ ಅಂತ ಬಂದ ದುಡ್ಡಿಗೆ ರಸೀದಿ ಇರುವುದಿಲ್ಲ. ಸೋಲು ಬಂದ ದಿನ ಎಲ್ಲರೂ ರಸೀದಿ ಕೇಳುತ್ತಾರೆ.

ನಿಮ್ಮ ದಾನವೋ ಸಾಲವೋ ಪ್ರಶ್ನೆಗೆ: ಬರ್ಲಿನ್ ಸಮಿತಿಯವರು ಅದನ್ನು ರಾಷ್ಟ್ರೀಯ ಸಾಲ ಅಂತಲೇ ಪರಿಗಣಿಸಬೇಕು, ಸ್ವಾತಂತ್ರ್ಯ ಬಂದ ಮೇಲೆ ತೀರಿಸುತ್ತೇವೆ ಅನ್ನುವ ನಿಲುವಿನಲ್ಲಿದ್ದರು. ಬಾಡಿಗೆ ಬಂಟರು ಅನ್ನಿಸಿಕೊಳ್ಳಬಾರದು ಅನ್ನುವ ಎಚ್ಚರ ಅದರಲ್ಲಿತ್ತು. ಆದರೆ ಕ್ಯಾಲಿಫೋರ್ನಿಯಾದಲ್ಲಿ ಹಣ ಕೈ ಬದಲಿಸುವಾಗ ಆ ನಿಲುವು ಯಾವ ಪುಸ್ತಕದಲ್ಲೂ ಜಮಾ ಆಗಲಿಲ್ಲ.

ಒಂದು ಎಚ್ಚರಿಕೆಯೂ ಇರಲಿ. ಮೇಲೆ ಬಂದಿರುವ 30,000, 43,000, 129ರಂಥ ಅಂಕಿಗಳ ಮೂಲ ಬ್ರಿಟಿಷ್ ಸರ್ಕಾರ ನೇಮಿಸಿದ್ದ ರೌಲತ್ ಸಮಿತಿಯ 1918ರ ವರದಿ. ಅದು ಬರೆದದ್ದೇ ಕಠಿಣ ಕಾನೂನು ಬೇಕು ಅನ್ನುವುದಕ್ಕೆ. ಜಪ್ತಿಯಾದ ವಸ್ತುವಿನ ಎಣಿಕೆಯನ್ನು ನಂಬಬಹುದು. ಸಿಕ್ಕಿಬಿದ್ದವರ ಹೇಳಿಕೆಯಿಂದ ಬಂದ ಭರವಸೆಯ ಅಂಕಿಗಳನ್ನು ಪೊಲೀಸ್ ಕೈ ದಾಟಿ ಬಂದದ್ದು ಅಂತ ನೆನಪಿಟ್ಟು ಓದಿ.

ಇರಾವತಿ

ಎರಡನೇ ಮಹಾಯುದ್ಧದ ಜತೆ ಹೋಲಿಸಿದರೆ ಹಾಯಿಹಗ್ಗ ಹೇಳಿದ ಮಾತು ಇನ್ನೂ ನಿಚ್ಚಳವಾಗುತ್ತದೆ. 1942ರ ಫೆಬ್ರವರಿ 15ಕ್ಕೆ ಸಿಂಗಪುರ ಬಿತ್ತು. ಎರಡು ದಿನದ ನಂತರ ಫಾರರ್ ಪಾರ್ಕ್ ಮೈದಾನದಲ್ಲಿ ಸುಮಾರು 45,000 ಭಾರತೀಯ ಸೈನಿಕರು ಸೆರೆಯಾಳುಗಳಾಗಿ ನಿಂತಿದ್ದರು. ತರಬೇತಾದ ಜನ ಅಲ್ಲೇ, ಬ್ರಿಟಿಷರು ಬಿಟ್ಟುಹೋದ .303 ಬಂದೂಕು ಅಲ್ಲೇ, ತೋಟಾವೂ ಅದೇ ಅಳತೆಯದ್ದು. ಕಡಲು ದಾಟಿಸುವ ಕೆಲಸವೇ ಇರಲಿಲ್ಲ. ಕಡಲು ದಾಟಬೇಕಾಗಿ ಬಂದದ್ದು ಒಬ್ಬ ಮನುಷ್ಯ: ಸುಭಾಷ್ 1943ರ ಫೆಬ್ರವರಿಯಲ್ಲಿ ಕೀಲ್ ಬಂದರಿನಿಂದ ಜರ್ಮನ್ ಜಲಾಂತರ್ಗಾಮಿ ಹತ್ತಿ, ಏಪ್ರಿಲ್ ಕೊನೆಗೆ ಮಡಗಾಸ್ಕರ್ ಕಡೆಯ ಕಡಲಿನಲ್ಲಿ ಜಪಾನಿ ಜಲಾಂತರ್ಗಾಮಿಗೆ ಬದಲಾಯಿಸಿಕೊಂಡರು. ನಡುಗಡಲಿನಲ್ಲಿ ಎರಡು ನೌಕೆ ಗೊತ್ತಾದ ಜಾಗದಲ್ಲಿ ಸೇರುವುದು ಆಗ ಸಾಧ್ಯವಾಯಿತು, ಯಾಕಂದರೆ ಎರಡೂ ಕಡೆ ನೌಕಾಪಡೆಯೇ ಇತ್ತು, ಎರಡರಲ್ಲೂ ರೇಡಿಯೊ ಇತ್ತು. ಸೊಕೊರೊದಲ್ಲಿ ಈ ಎರಡೂ ಇರಲಿಲ್ಲ.

ಮಿತ್ರನ ಸಮಸ್ಯೆ ಮಾತ್ರ ಬದಲಾಗಲಿಲ್ಲ. 1942ರ ಜೂನ್‌ನ ಬ್ಯಾಂಕಾಕ್ ಸಮ್ಮೇಳನ ಪಾಸು ಮಾಡಿದ ನಿರ್ಣಯಗಳಿಗೆ ಜಪಾನ್ ಖಚಿತವಾದ ಲಿಖಿತ ಉತ್ತರ ಕೊಡಲಿಲ್ಲ. ಆ ಜಗಳ ಬೆಳೆದು ಡಿಸೆಂಬರ್‌ನಲ್ಲಿ ಮೋಹನ್ ಸಿಂಗ್ ಬಂಧನವಾಗಿ, ಅವರ ಕೈಯಲ್ಲಿದ್ದ ಮೊದಲ ಐಎನ್ಎ (ಆಜಾದ್ ಹಿಂದ್ ಫೌಜ್) ಚದುರಿತು. ಹಬೀಬುಲ್ಲಾ ಜರ್ಮನ್ನರಿಗೆ ಮಾಡಿದ್ದನ್ನು ಟೋಕಿಯೊ ಭಾರತೀಯರಿಗೆ ಮಾಡಿತು ಅನ್ನಬಹುದು: ಮರ್ಯಾದೆಯಿಂದ ಕಾಯಿಸುವುದು. 1944ರ ಇಂಫಾಲ್ ದಾಳಿ ಬೇರೆ ಕತೆ. ಅಲ್ಲಿ ಕೈಕೊಟ್ಟದ್ದು ಆಹಾರ ಸಾಗಣೆ ಮತ್ತು ಮಳೆಗಾಲ.

ತಂತಿಕಂಬ

ಎಂಡನ್ ಪ್ರಶ್ನೆ ಉಳಿದುಹೋಯಿತು. ಇಲ್ಲ, ಪಿಳ್ಳೆ ಅದರಲ್ಲಿರಲಿಲ್ಲ. ಯುದ್ಧ ಶುರುವಾದಾಗ ಎಂಡನ್ ಇದ್ದದ್ದು ಚೀನಾದ ಜರ್ಮನ್ ನೆಲೆ ತ್ಸಿಂಗ್‌ಟಾವ್ ಕಡೆ. ಆಗಸ್ಟ್ ಮಧ್ಯದಲ್ಲಿ ಪೆಸಿಫಿಕ್‌ನ ಪಗಾನ್ ದ್ವೀಪದ ಹತ್ತಿರ ತನ್ನ ಪಡೆಯಿಂದ ಬೇರೆಯಾಗಿ ಹಿಂದೂ ಮಹಾಸಾಗರಕ್ಕೆ ಬಂತು. ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು, ನವೆಂಬರ್ 9ಕ್ಕೆ ಕೊಕೊಸ್ ದ್ವೀಪದ ಬಳಿ ಅಂತ್ಯ. ಪಿಳ್ಳೆ ಆಗ ಯುರೋಪಿನಲ್ಲಿದ್ದರು. ಜ್ಯೂರಿಕ್‌ನಲ್ಲಿ ತಮ್ಮ ಸಮಿತಿ ನಡೆಸುತ್ತಿದ್ದು ಬರ್ಲಿನ್ನಿನವರ ಜತೆ ಕೂಡಿಕೊಂಡ ಕಾಲ ಅದು. ನಡುವೆ ಜರ್ಮನ್ ಬಂದರು ಯಾವುದನ್ನೂ ಮುಟ್ಟದೆ ಓಡಾಡುತ್ತಿದ್ದ ಹಡಗಿಗೆ ಯುರೋಪಿನಿಂದ ಒಬ್ಬರು ಹತ್ತಿಕೊಳ್ಳುವ ದಾರಿಯೇ ಇರಲಿಲ್ಲ.